ಸತ್ತ ಗುರುವಿಗಾಗಿ ಕಾದವರು

1970ರ ಮಾರ್ಚ್‌ನಲ್ಲಿ ಟೋಕಿಯೊದ ಕೊದಾನ್‌ಶಾ ಪ್ರಕಾಶನ ಸಂಸ್ಥೆಯಲ್ಲಿ ಶವವೇ ಇಲ್ಲದ ಅಂತ್ಯಕ್ರಿಯೆಯೊಂದು ನಡೆಯಿತು. ಸುಮಾರು 700 ಮಂದಿ ಸೇರಿದ್ದರು. ಸತ್ತವನು ರಿಕಿಶಿ, 'ಆಶಿತಾ ನೊ ಜೋ' ಎಂಬ ಚಿತ್ರಕಥೆಯ ಬಾಕ್ಸರ್. ಏರ್ಪಡಿಸಿದವರು ಕವಿ ಶೂಜಿ ತೆರಾಯಾಮಾ. ಕಾಗದದ ಮೇಲಿನ ಸಾವನ್ನು ಆ ಓದುಗರು ಸಾವೆಂದೇ ಒಪ್ಪಿದರು.

ಅರ್ಧ ಶತಮಾನದ ನಂತರದ ಓದುಗರು ಒಪ್ಪಲಿಲ್ಲ. ಗೆಗೆ ಅಕುತಾಮಿ 2018ರಲ್ಲಿ 'ಶೋನೆನ್ ಜಂಪ್' ವಾರಪತ್ರಿಕೆಯಲ್ಲಿ ಆರಂಭಿಸಿದ ಮಾಂಗಾ 'ಜುಜುತ್ಸು ಕೈಸೆನ್'. ಅದರಲ್ಲಿ ಸತೊರು ಗೊಜೊ ಮಂತ್ರವಿದ್ಯೆಯ ಮೇಷ್ಟ್ರು. ಕಣ್ಣಿಗೆ ಪಟ್ಟಿ, ಬಾಯ್ತುಂಬ ತಮಾಷೆ, ಸೋಲೇ ಗೊತ್ತಿಲ್ಲ. ಇಂಥ ಗುರು ಕಥೆಗಾರನಿಗೆ ತೊಡಕೇ ಸರಿ. ಅವನಿದ್ದರೆ ಶಿಷ್ಯರಿಗೇನು ಕೆಲಸ? ಅಕುತಾಮಿ ಮೊದಲು ಅವನನ್ನು ಪುಟ್ಟ ಪೆಟ್ಟಿಗೆಯೊಂದರಲ್ಲಿ ಸೆರೆಯಿಟ್ಟರು. ಬಿಡಿಸಿ ತಂದು, 2023ರ ಸೆಪ್ಟೆಂಬರ್‌ನಲ್ಲಿ, 236ನೇ ಅಧ್ಯಾಯದಲ್ಲಿ ಶಾಪಗಳ ರಾಜ ಸುಕುನನಿಂದ ಎರಡು ತುಂಡು ಮಾಡಿಸಿದರು.

ಹಿಂದಿನ ಅಧ್ಯಾಯದಲ್ಲಷ್ಟೇ ಗೊಜೊ ಗೆದ್ದನೆಂದು ಸಾರಲಾಗಿತ್ತು. ಕೊಂದ ಏಟನ್ನು ಚಿತ್ರಿಸಿರಲಿಲ್ಲ. ಅನುಮಾನಕ್ಕೆ ಇಷ್ಟು ಸಾಲದೇ? ಅದೇ ಅಧ್ಯಾಯದಲ್ಲಿ, ಸತ್ತ ಗೆಳೆಯರ ನಡುವೆ, ಉತ್ತರಕ್ಕೆ ಹೋದರೆ ಹೊಸ ಬಾಳು, ದಕ್ಷಿಣಕ್ಕೆ ಹೋದರೆ ಹಳೆಯ ಬಾಳು ಎಂಬ ಮಾತು ಬರುತ್ತದೆ. ಅಭಿಮಾನಿಗಳು ಈ ದಿಕ್ಕುಗಳನ್ನೇ ಹಿಡಿದು ವಾರವಾರವೂ ಪುನರಾಗಮನದ ಲೆಕ್ಕ ಹಾಕಿದರು. 1893ರಲ್ಲಿ ಸತ್ತ ಷೆರ್ಲಾಕ್ ಹೋಮ್ಸ್ 1903ರಲ್ಲಿ ಮರಳಿದ್ದನಲ್ಲ!

2024ರಲ್ಲಿ, 260ನೇ ಅಧ್ಯಾಯದ ಕೊನೆಗೆ, ಗೊಜೊ ನಿಂತೇ ಇದ್ದ. ಮುಂದಿನ ಅಧ್ಯಾಯದಲ್ಲಿ ಗುಟ್ಟು ಬಯಲಾಯಿತು: ಗುರುವಿನ ಶವದೊಳಗೆ ಹೊಕ್ಕು ಹೋರಾಡಲು ಬಂದವನು ಶಿಷ್ಯ ಯೂತಾ. ಸಾವಿಗಿಂತ ಕ್ರೂರವಾದ ತಿರುವಿದು.

ಅದೇ ವರ್ಷ ಸೆಪ್ಟೆಂಬರ್ 30ರಂದು, 271ನೇ ಅಧ್ಯಾಯದೊಂದಿಗೆ ಧಾರಾವಾಹಿ ಮುಗಿಯಿತು. ಗೊಜೊ ಬರಲಿಲ್ಲ.