ವಿಜಯನಗರ ಜಿಲ್ಲೆಯಲ್ಲಿ ಅಗ್ನಿಶಾಮಕ ಸೇವೆ ಮತ್ತು ಚಳಿಗಾಲದ ಗೃಹ ಅಗ್ನಿ ಸುರಕ್ಷತೆ

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಲ್ಲಿ ಬೆಂಕಿ ನಂದಿಸುವ ಹಾಗೂ ಜೀವರಕ್ಷಣೆಯ ಕಾರ್ಯವನ್ನು ಕರ್ನಾಟಕ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಯು ನಿರ್ವಹಿಸುತ್ತದೆ. ಇದು ಹಿಮ ಬೀಳುವ ಪ್ರದೇಶವಲ್ಲ. ಬಿಸಿಲಿಗೆ ಹೆಸರಾದ ಬಯಲುಸೀಮೆ. ಆದರೂ ಡಿಸೆಂಬರ್ ಮತ್ತು ಜನವರಿ ತಿಂಗಳುಗಳ ರಾತ್ರಿ ಹಾಗೂ ಮುಂಜಾವಿನ ಚಳಿಗೆ ಮನೆಯೊಳಗೆ ಬೆಂಕಿ ಕಾಯಿಸುವ ರೂಢಿ ಇಲ್ಲಿದೆ. ಈ ಕಾಲದ ಅಪಾಯವು ಜ್ವಾಲೆಗಿಂತ ಹೆಚ್ಚಾಗಿ ಮುಚ್ಚಿದ ಕೋಣೆಯಲ್ಲಿ ತುಂಬಿಕೊಳ್ಳುವ ವಿಷಾನಿಲದಿಂದ ಉಂಟಾಗುತ್ತದೆ.

ಹಿನ್ನೆಲೆ

ಬಳ್ಳಾರಿ ಜಿಲ್ಲೆಯನ್ನು ವಿಭಜಿಸಿ 2021ರಲ್ಲಿ ವಿಜಯನಗರ ಜಿಲ್ಲೆಯನ್ನು ರಚಿಸಲಾಯಿತು. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, ಬಳಿಕ ಹೊಸ ಜಿಲ್ಲೆಯ ಭಾಗವಾಯಿತು. ರಾಜ್ಯದ ಅಗ್ನಿಶಾಮಕ ಸೇವೆಗೆ 1964ರ ಅಗ್ನಿಶಾಮಕ ದಳ ಅಧಿನಿಯಮವು ಕಾನೂನಿನ ಆಧಾರವಾಗಿದೆ.

ತಾಲ್ಲೂಕು ಕೇಂದ್ರದ ಠಾಣೆಯಿಂದ ಅಂಚಿನ ಹಳ್ಳಿಗಳು ಹತ್ತಾರು ಕಿಲೋಮೀಟರ್ ದೂರದಲ್ಲಿವೆ. ಜಲವಾಹನವು ಎಷ್ಟೇ ಬೇಗ ಹೊರಟರೂ ಮೊದಲ ಕೆಲವು ನಿಮಿಷಗಳು ಊರವರ ಕೈಯಲ್ಲಿಯೇ ಇರುತ್ತವೆ. ಇಲಾಖೆಯು ಶಾಲೆ, ಕಾಲೇಜು, ಆಸ್ಪತ್ರೆಗಳಲ್ಲಿ ಅಣಕು ಪ್ರದರ್ಶನ ನಡೆಸುವುದಕ್ಕೆ ಇದೂ ಒಂದು ಕಾರಣ. ಇಂಥ ಪ್ರದರ್ಶನಗಳು ಏಪ್ರಿಲ್ 14ರಿಂದ 20ರವರೆಗಿನ ಅಗ್ನಿಶಾಮಕ ಸೇವಾ ಸಪ್ತಾಹದಲ್ಲಿ ಹೆಚ್ಚು. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಹತ್ತಿ ಮತ್ತು ಸ್ಫೋಟಕ ಹೊತ್ತಿದ್ದ 'ಫೋರ್ಟ್ ಸ್ಟಿಕಿನ್' ಹಡಗು ಸಿಡಿದು ಮಡಿದ ಅಗ್ನಿಶಾಮಕ ಸಿಬ್ಬಂದಿಯ ಸ್ಮರಣೆಗೆ ಈ ಸಪ್ತಾಹ ಮೀಸಲು. ಚಳಿಗಾಲ ಕಳೆದು ಬೇಸಿಗೆ ಬಂದ ಮೇಲೆ ನಡೆಯುವ ಈ ತಿಳಿವಳಿಕೆಯ ಕೆಲಸವು ಕಾರ್ತಿಕದ ಹೊತ್ತಿಗೂ ನಡೆದರೆ ಮನೆಗಳಿಗೆ ಹೆಚ್ಚು ಉಪಯುಕ್ತ.

ಮಾಳಿಗೆ ಮನೆ ಮತ್ತು ಬೆಳಕಿಂಡಿ

ಈ ಭಾಗದ ಹಳೆಯ ಮನೆಗಳು ಕಲ್ಲು ಮಣ್ಣಿನ ಗೋಡೆ, ಮರದ ತೊಲೆ ಜಂತೆ ಮತ್ತು ಮಣ್ಣಿನ ಮಾಳಿಗೆ ಹೊಂದಿದ್ದವು. ಅಡುಗೆಮನೆ ಹಾಗೂ ಬಚ್ಚಲುಮನೆಯ ಮೇಲಿದ್ದ ಬೆಳಕಿಂಡಿಯು ಬೆಳಕನ್ನು ಒಳತರುವಂತೆಯೇ ಹೊಗೆಯನ್ನು ಹೊರಹಾಕುತ್ತಿತ್ತು. ಮಣ್ಣಿನ ಮಾಳಿಗೆಯ ಜಾಗಕ್ಕೆ ಸಿಮೆಂಟಿನ ಚಾವಣಿ ಬಂದಾಗ ಬೆಳಕಿಂಡಿ ಮಾಯವಾಯಿತು. ಚಳಿಗೂ ಸೊಳ್ಳೆಗೂ ಅಂಜಿ ಕಿಟಕಿಗಳನ್ನು ಬಿಗಿಯಾಗಿ ಮುಚ್ಚುವುದು ವಾಡಿಕೆಯಾಯಿತು. ಆದರೆ ಕೆಂಡದ ಅಗ್ಗಿಷ್ಟಿಕೆ ಅನೇಕ ಮನೆಗಳಲ್ಲಿ ಹಾಗೆಯೇ ಉಳಿಯಿತು. ಹಿಂದೆ ತೆರವಿದ್ದ ಕಡೆ ಅಷ್ಟಾಗಿ ಬಾಧಿಸದ ಅದೇ ಕೆಂಡ, ಈಗಿನ ಕೋಣೆಯಲ್ಲಿ ಪ್ರಾಣಾಂತಿಕವಾಗಬಲ್ಲದು.

ಇದ್ದಿಲು ಅರೆಬರೆಯಾಗಿ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಉತ್ಪತ್ತಿಯಾಗುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ನೊಂದಿಗೆ ಇದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಅಧಿಕ ಬಲವಾಗಿ ಬೆಸೆದುಕೊಳ್ಳುತ್ತದೆ. ಎಚ್ಚರವಿರುವವರಿಗೆ ತಲೆನೋವು, ವಾಕರಿಕೆ, ತಲೆಸುತ್ತು ಕಾಣಿಸಿಕೊಳ್ಳುತ್ತವೆ. ಮಲಗಿದವರಿಗೆ ಸೂಚನೆಯೇ ಸಿಗದೆ ನಿದ್ದೆಯಲ್ಲಿಯೇ ಪ್ರಜ್ಞೆ ತಪ್ಪಬಹುದು. ಕೆಂಡವು ಹೊಗೆಯಾಡುತ್ತಿಲ್ಲ ಎಂಬ ಕಾರಣಕ್ಕೆ ಅದನ್ನು ನಿರಪಾಯವೆಂದು ತಿಳಿಯುವುದು ತಪ್ಪು. 2025ರ ನವೆಂಬರ್‌ನಲ್ಲಿ ಬೆಳಗಾವಿ ನಗರದ ಮನೆಯೊಂದರಲ್ಲಿ ಚಳಿಗೆಂದು ಇದ್ದಿಲು ಉರಿಸಿ ಮಲಗಿದ್ದ ಮೂವರು ಯುವಕರು ಉಸಿರುಗಟ್ಟಿ ಮೃತಪಟ್ಟರು.

ಬಾಣಂತಿ ಕೋಣೆಯ ಬಗ್ಗೆ ವಿಶೇಷ ಎಚ್ಚರ ಅಗತ್ಯ. ತಾಯಿ ಮತ್ತು ಹಸುಗೂಸಿಗೆ ಗಾಳಿ ತಾಗಬಾರದೆಂದು ಬಾಗಿಲು ಕಿಟಕಿ ಮುಚ್ಚಿ, ಕೆಂಡದ ಮೇಲೆ ಸಾಂಬ್ರಾಣಿ ಅಥವಾ ಲೋಬಾನ ಹಾಕಿ ಕೋಣೆಯನ್ನು ಬೆಚ್ಚಗಿಡುವ ಪದ್ಧತಿ ಹಲವು ಮನೆಗಳಲ್ಲಿದೆ. ಕೆಂಡವನ್ನು ಹೊರಗೆ ಸಿದ್ಧಪಡಿಸಿ, ಸ್ವಲ್ಪ ಹೊತ್ತು ಮಾತ್ರ ಒಳಗಿಟ್ಟು, ಕಿಟಕಿಯೊಂದನ್ನು ತೆರೆದಿಟ್ಟು, ಮಲಗುವ ಮೊದಲು ಹೊರಗೊಯ್ಯುವುದು ಕನಿಷ್ಠ ಕ್ರಮ. ಕೆಂಡವನ್ನು ಒಳಗೆ ತಾರದಿರುವುದೇ ಉತ್ತಮ. ಕಂಬಳಿ, ದುಪ್ಪಟಿ ಮತ್ತು ಕುಲಾವಿಗಳೇ ಮಗುವಿಗೆ ಸಾಕಷ್ಟು ಬೆಚ್ಚನೆ ಕೊಡುತ್ತವೆ.

ಹೊಗೆಯ ಅಪಾಯ ಚಳಿಗಾಲಕ್ಕೆ ಸೀಮಿತವಲ್ಲ. 2022ರ ಏಪ್ರಿಲ್‌ನಲ್ಲಿ ಹೊಸಪೇಟೆ ತಾಲ್ಲೂಕಿನ ಮರಿಯಮ್ಮನಹಳ್ಳಿಯ ಮನೆಯೊಂದರಲ್ಲಿ ಬೆಂಕಿ ಹೊತ್ತಿಕೊಂಡು, ಮಲಗಿದ್ದ ಒಂದೇ ಕುಟುಂಬದ ನಾಲ್ವರು ಸಾವನ್ನಪ್ಪಿದರು.

ನೀರು ಕಾಯಿಸುವುದು ಮತ್ತು ಅನಿಲ

ಸ್ನಾನಗೃಹದ ಗ್ಯಾಸ್ ಗೀಸರ್ ಕೂಡ ಗಾಳಿಯಾಡದಿದ್ದರೆ ಇದೇ ವಿಷಾನಿಲವನ್ನು ತುಂಬಿಸುತ್ತದೆ. ಅದನ್ನು ಸ್ನಾನಗೃಹದ ಹೊರಗೆ ಅಳವಡಿಸುವುದು ಕ್ಷೇಮ. ಬಕೆಟ್ಟಿನಲ್ಲಿ ಇಳಿಬಿಡುವ ವಿದ್ಯುತ್ ಕಾಯ್ಲನ್ನು ಆರಿಸಿ, ಪ್ಲಗ್ ಕಿತ್ತ ನಂತರವೇ ನೀರನ್ನು ಮುಟ್ಟಬೇಕು. ಅಡುಗೆ ಅನಿಲವು ಗಾಳಿಗಿಂತ ಭಾರವಾದ್ದರಿಂದ ಸೋರಿದಾಗ ನೆಲಮಟ್ಟದಲ್ಲಿ ಹರಡುತ್ತದೆ. ವಾಸನೆ ಬಂದರೆ ವಿದ್ಯುತ್ ಸ್ವಿಚ್ಚನ್ನು ಹಾಕಲೂಬಾರದು, ಆರಿಸಲೂಬಾರದು. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು ಹೊರಬಂದು 1906ಕ್ಕೆ ಕರೆ ಮಾಡಬೇಕು.

ಬಣವೆ ಮತ್ತು ಒಕ್ಕಣೆ

ಚಳಿಗಾಲವೇ ಸುಗ್ಗಿಯ ಕಾಲವೂ ಹೌದು. ಮೆಕ್ಕೆಜೋಳ, ಶೇಂಗಾ, ಜೋಳದ ಕಟಾವಿನ ನಂತರ ಮೇವು ಬಣವೆಗೆ ಸೇರುತ್ತದೆ. ಹಿತ್ತಲಲ್ಲಿ ಮನೆಗೆ ಅಂಟಿಕೊಂಡಂತೆ ಅಥವಾ ವಿದ್ಯುತ್ ತಂತಿಯ ಕೆಳಗೆ ಒಟ್ಟಿದ ಬಣವೆಗೆ ತಂತಿಯ ಕಿಡಿ, ಬೀಡಿಯ ತುಂಡು ಅಥವಾ ಚಳಿ ಕಾಯಿಸಿ ಬಿಟ್ಟುಹೋದ ಬೂದಿಯೊಳಗಿನ ಕೆಂಡ ಸಾಕು. ಬೇಸಿಗೆಗೆ ಮುನ್ನ ಮೇವು ಸುಟ್ಟರೆ ರೈತನು ದನಗಳನ್ನು ಮಾರುವ ಸ್ಥಿತಿ ಬರುತ್ತದೆ. ಒಂದೇ ದೊಡ್ಡ ಬಣವೆಗಿಂತ ಅಂತರವಿಟ್ಟು ಎರಡು ಮೂರು ಸಣ್ಣವನ್ನು ಒಟ್ಟುವುದು ಜಾಣತನ. ರಸ್ತೆಯ ಮೇಲೆ ಒಕ್ಕಣೆಗೆ ಹರಡಿದ ಹುರುಳಿ ಸೊಪ್ಪು ಕಾರಿನ ತಳಕ್ಕೆ ಸುತ್ತಿಕೊಂಡು ಕಾರೇ ಉರಿದುಹೋದ ಘಟನೆಗಳು ರಾಜ್ಯದಲ್ಲಿ ನಡೆದಿವೆ.

ತುರ್ತು ಕ್ರಮಗಳು

ಅಗ್ನಿಶಾಮಕ ಠಾಣೆಗೆ 101 ಅಥವಾ 112 ಸಂಖ್ಯೆಯ ಮೂಲಕ ಕರೆ ಮಾಡಬಹುದು. ಊರಿನ ಹೆಸರಿನೊಂದಿಗೆ ತಾಲ್ಲೂಕನ್ನೂ, ಗುಡಿ, ಶಾಲೆ, ಕೆರೆ ಏರಿಯಂಥ ಗುರುತನ್ನೂ, ನೀರು ಸಿಗುವ ಸ್ಥಳವನ್ನೂ ಹೇಳಬೇಕು. ಒಂದೇ ಹೆಸರಿನ ಹಳ್ಳಿಗಳು ಅಕ್ಕಪಕ್ಕದ ತಾಲ್ಲೂಕುಗಳಲ್ಲಿ ಇರಬಹುದು. ಒಬ್ಬರು ಮುಖ್ಯರಸ್ತೆಯಲ್ಲಿ ನಿಂತು ದಾರಿ ತೋರಿಸಿದರೆ ಸಮಯ ಉಳಿಯುತ್ತದೆ. ಹೊಗೆ ತುಂಬಿದ ಕೋಣೆಯಿಂದ ನೆಲಕ್ಕೆ ಬಾಗಿ ಹೊರಬರಬೇಕು. ಕೆಂಡದ ಕೋಣೆಯಲ್ಲಿ ಪ್ರಜ್ಞೆ ತಪ್ಪಿದವರನ್ನು ಮೊದಲು ಬಯಲಿನ ಗಾಳಿಗೆ ತಂದು, ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು. ಸುಟ್ಟ ಗಾಯಕ್ಕೆ ಶಾಯಿ, ಟೂತ್‌ಪೇಸ್ಟ್, ಅರಿಸಿನ ಹಚ್ಚದೆ ಹರಿಯುವ ತಣ್ಣೀರನ್ನು ಸುಮಾರು 20 ನಿಮಿಷ ಹಾಯಿಸಿ, ಸ್ವಚ್ಛವಾದ ಬಟ್ಟೆಯನ್ನು ಸಡಿಲವಾಗಿ ಮುಚ್ಚಬೇಕು.