ವಿಜ್ಞಾನ ಸಮ್ಮೇಳನ ಮತ್ತು ಆತಿಥೇಯ ಆವರಣ

ದೂರದೂರದ ಊರುಗಳಲ್ಲಿದ್ದು ಒಂದೇ ಶಾಸ್ತ್ರವನ್ನು ಅಭ್ಯಾಸ ಮಾಡುವವರು ವರ್ಷಕ್ಕೊಮ್ಮೆ ಒಂದೆಡೆ ಕೂಡಿ, ತಮ್ಮ ಶೋಧಗಳನ್ನು ಒಬ್ಬರ ಮುಂದೊಬ್ಬರು ಇಟ್ಟು ಚರ್ಚಿಸುವ ಪದ್ಧತಿಗೆ ಸುಮಾರು ಇನ್ನೂರು ವರ್ಷಗಳ ಇತಿಹಾಸವಿದೆ. ಅದಕ್ಕೂ ಹಿಂದೆ ಯೂರೋಪಿನ ರಾಜಧಾನಿಗಳಲ್ಲಿ ವಿದ್ವತ್ ಸಂಸ್ಥೆಗಳಿದ್ದರೂ ಅವು ಒಂದೇ ನಗರದಲ್ಲಿ, ಆಯ್ದ ಸದಸ್ಯರಿಗೆ ಮಾತ್ರ ತೆರೆದಿದ್ದವು. 1822ರಲ್ಲಿ ಲೊರೆಂಜ್ ಓಕೆನ್ ಲೀಪ್ಜಿಗ್ ನಗರದಲ್ಲಿ ಜರ್ಮನ್ ನಿಸರ್ಗಶಾಸ್ತ್ರಜ್ಞರನ್ನೂ ವೈದ್ಯರನ್ನೂ ಒಟ್ಟುಗೂಡಿಸಿ, ಮುಂದೆ ಪ್ರತಿವರ್ಷವೂ ಬೇರೆಯ ಊರಿನಲ್ಲಿ ಸೇರುವ ಕ್ರಮವನ್ನು ಆರಂಭಿಸಿದನು. ಕಾಯಂ ನೆಲೆಯಿಲ್ಲದ ಈ ಸಭೆಯ ಯಶಸ್ಸು ಅಲ್ಲಿಂದ ಮುಂದೆ ಅದನ್ನು ಬರಮಾಡಿಕೊಳ್ಳುವವರ ಸಿದ್ಧತೆಯನ್ನೇ ಅವಲಂಬಿಸಿತು.

ಆ ಸಿದ್ಧತೆಯ ಸ್ವರೂಪವನ್ನು ಮೊದಲು ಸ್ಪಷ್ಟವಾಗಿ ಕಂಡುಕೊಂಡವನು ಅಲೆಕ್ಸಾಂಡರ್ ಫಾನ್ ಹುಂಬೋಲ್ಟ್. 1828ರ ಬರ್ಲಿನ್ ಅಧಿವೇಶನದ ಹೊಣೆ ಹೊತ್ತ ಆತನು, ನೂರಾರು ಜನರನ್ನು ದಿನವಿಡೀ ಒಂದೇ ಸಭಾಂಗಣದಲ್ಲಿ ಕೂರಿಸುವುದರಿಂದ ಪ್ರಯೋಜನವಿಲ್ಲವೆಂದು ಅರಿತು, ಆಯಾ ಶಾಸ್ತ್ರದವರು ಪ್ರತ್ಯೇಕವಾಗಿ ಕುಳಿತು ಪ್ರಬಂಧಗಳನ್ನು ಚರ್ಚಿಸುವ ವಿಭಾಗೀಯ ಗೋಷ್ಠಿಗಳನ್ನು ಏರ್ಪಡಿಸಿದನು. ಅತಿಥಿಗಳ ವಸತಿಯೂ ಅವನ ಯೋಜನೆಯ ಭಾಗವೇ ಆಗಿತ್ತು. ಗಣಿತಜ್ಞ ಗಾಸ್‌ನನ್ನು ತನ್ನ ಮನೆಯಲ್ಲಿಯೇ ಉಳಿಸಿಕೊಂಡನು. ಗಾಸ್‌ಗೆ ವಿಲ್‌ಹೆಲ್ಮ್ ವೇಬರ್‌ನ ಪರಿಚಯವಾದುದು ಈ ಸಮ್ಮೇಳನದಲ್ಲಿಯೇ, ಮುಂದೆ ಅವರಿಬ್ಬರೂ ಗೋಟಿಂಗನ್‌ನಲ್ಲಿ ಕೂಡಿ ನಡೆಸಿದ ಕಾಂತತ್ವದ ಸಂಶೋಧನೆಯ ಬೇರು ಇರುವುದೂ ಅಲ್ಲಿಯೇ.

ಇಂಗ್ಲೆಂಡಿನಲ್ಲಿ ಇದೇ ಮಾದರಿಯ ಬ್ರಿಟಿಷ್ ಅಸೋಸಿಯೇಷನ್ 1831ರಲ್ಲಿ ಯಾರ್ಕ್ ನಗರದ ವಸ್ತುಸಂಗ್ರಹಾಲಯದಲ್ಲಿ ಆರಂಭವಾಯಿತು. ಯಾರ್ಕ್‌ನಲ್ಲಿ ಆಗ ವಿಶ್ವವಿದ್ಯಾನಿಲಯವಿರಲಿಲ್ಲ, ದೇಶದ ಎಲ್ಲ ಕಡೆಯಿಂದಲೂ ಬರಲು ಅನುಕೂಲವಾದ ನಡುವಣ ಊರೆಂಬುದೇ ಅದರ ಆಯ್ಕೆಗೆ ಕಾರಣ. ಆದರೆ ಮರುವರ್ಷವೇ ಸಭೆ ಆಕ್ಸ್‌ಫರ್ಡಿಗೆ, 1833ರಲ್ಲಿ ಕೇಂಬ್ರಿಜಿಗೆ ಹೋಯಿತು. ಸಮ್ಮೇಳನಕ್ಕೂ ವಿಶ್ವವಿದ್ಯಾನಿಲಯದ ಆವರಣಕ್ಕೂ ನಂಟು ಬೆಳೆದದ್ದು ಹೀಗೆ. ಪುರಭವನದಲ್ಲಿರುವುದು ಒಂದು ದೊಡ್ಡ ಸಭಾಂಗಣ ಮಾತ್ರ. ವಿಭಾಗೀಯ ಗೋಷ್ಠಿಗಳಿಗಾದರೋ ಏಕಕಾಲದಲ್ಲಿ ಹಲವು ಕೊಠಡಿಗಳು, ಅವುಗಳಲ್ಲಿ ಕರಿಹಲಗೆ, ಪ್ರಯೋಗದ ಮೇಜು, ರಸಾಯನಶಾಸ್ತ್ರದವರಿಗೆ ನೀರಿನ ಸೌಕರ್ಯ, ಭೂವಿಜ್ಞಾನಿಗಳಿಗೆ ಶಿಲೆಗಳನ್ನು ಹರಡಿ ತೋರಿಸುವ ಜಾಗ ಬೇಕು. ಇವೆಲ್ಲವೂ ಕೂಗಳತೆಯಲ್ಲಿ ಒಟ್ಟಿಗೆ ದೊರೆಯುವುದು ಪಾಠ ನಡೆಯುವ ಸ್ಥಳದಲ್ಲಿ ಮಾತ್ರ.

ಆವರಣದ ವಾಸ್ತವ್ಯ ಸುಖಕರವೇ ಆಗಿತ್ತೆಂದು ಹೇಳುವಂತಿಲ್ಲ. ಕೇಂಬ್ರಿಜಿಗೆ ಬಂದಿದ್ದ ಕವಿ ಕೋಲ್‌ರಿಜ್ ತಾನು ಮಲಗಿದ ಹಾಸಿಗೆಯ ಗಡಸುತನವನ್ನು ಮರೆಯಲಿಲ್ಲ. ಆದರೂ ಹಲವರು ಕಾಲೇಜುಗಳ ಆವರಣದಲ್ಲೇ ತಂಗಿದ್ದರಿಂದ, ಕಾರ್ಯಕ್ರಮ ಪಟ್ಟಿಯಲ್ಲಿಲ್ಲದ ಭೇಟಿಗಳು ಸಾಧ್ಯವಾದವು. ಬೆಲ್ಜಿಯಮ್ಮಿನ ಕೆಟ್ಲೆ ಅದೇ ಕೇಂಬ್ರಿಜ್ ಸಭೆಗೆ ಸಂಖ್ಯಾಶಾಸ್ತ್ರದ ಮಾಹಿತಿಯನ್ನು ಹೊತ್ತು ತಂದಿದ್ದನು, ಆದರೆ ಅದನ್ನು ಮಂಡಿಸಲು ತಕ್ಕ ವಿಭಾಗವೇ ಇರಲಿಲ್ಲ. ಆಗ ಬ್ಯಾಬೇಜ್, ಮಾಲ್ಥಸ್ ಮೊದಲಾದವರು ಕಾಲೇಜಿನ ಒಂದು ಕೋಣೆಯಲ್ಲಿ ಖಾಸಗಿಯಾಗಿ ಸೇರಿ ಅವನ ಮಾತು ಕೇಳಿದರು. ಅದರಿಂದ ಹೊಸ ವಿಭಾಗವೊಂದು ಹುಟ್ಟಿತು, ಮರುವರ್ಷ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘವೂ ಸ್ಥಾಪನೆಗೊಂಡಿತು. ಸಮ್ಮೇಳನದ ಯೋಜನೆಯೆಂದರೆ ಪ್ರತಿ ಗಳಿಗೆಯನ್ನೂ ಭಾಷಣದಿಂದ ತುಂಬುವುದೆಂದು ಭಾವಿಸುವವರು ಈ ಘಟನೆಯನ್ನು ಗಂಭೀರವಾಗಿ ಪರಿಗಣಿಸಬೇಕು.

ಅತಿಥಿಗಳು ಬಂದಾಗ ಆತಿಥೇಯ ಸಂಸ್ಥೆಯೂ ತನ್ನ ಕಟ್ಟುಪಾಡುಗಳನ್ನು ಸಡಿಲಿಸಬೇಕಾಯಿತು. ಆಂಗ್ಲಿಕನ್ ಪಂಥದ ನಿಯಮಗಳಿಗೆ ಸಹಿ ಹಾಕದವರಿಗೆ ಪ್ರವೇಶವನ್ನೇ ಕೊಡದಿದ್ದ ಆಕ್ಸ್‌ಫರ್ಡ್, 1832ರ ಅಧಿವೇಶನದಲ್ಲಿ ಆ ಪಂಥಕ್ಕೆ ಸೇರದ ಡಾಲ್ಟನ್, ಫ್ಯಾರಡೆ, ಬ್ರೂಸ್ಟರ್ ಮತ್ತು ರಾಬರ್ಟ್ ಬ್ರೌನ್ ಅವರಿಗೆ ಗೌರವ ಪದವಿಗಳನ್ನು ನೀಡಿದಾಗ ಸಂಪ್ರದಾಯಸ್ಥರು ಅಸಮಾಧಾನಗೊಂಡರು. 1860ರಲ್ಲಿ ಅದೇ ಆಕ್ಸ್‌ಫರ್ಡಿನ ಹೊಸ ವಸ್ತುಸಂಗ್ರಹಾಲಯದಲ್ಲಿ ಡಾರ್ವಿನ್ನನ ಸಿದ್ಧಾಂತದ ಮೇಲೆ ಹಕ್ಸ್ಲಿ ಮತ್ತು ಬಿಷಪ್ ವಿಲ್ಬರ್‌ಫೋರ್ಸ್ ವಾದಿಸಿದ ಸಭೆಯೂ, ಜನ ಕಿಕ್ಕಿರಿದುದರಿಂದ ಗೊತ್ತುಪಡಿಸಿದ್ದ ಉಪನ್ಯಾಸ ಕೊಠಡಿಯನ್ನು ಬಿಟ್ಟು ಗ್ರಂಥಾಲಯಕ್ಕಾಗಿ ಕಾದಿರಿಸಿದ್ದ ವಿಶಾಲ ಕೋಣೆಗೆ ಸ್ಥಳಾಂತರಗೊಂಡಿತು. ಹತ್ತಿರದಲ್ಲೇ ಇನ್ನೊಂದು ಕೋಣೆ ಖಾಲಿಯಿದ್ದುದು ಆವರಣದ ಅನುಕೂಲ.

ಭಾರತದಲ್ಲಿ ಈ ಪದ್ಧತಿಯನ್ನು ಬೇರೂರಿಸಲು ಯತ್ನಿಸಿದವರು ಇಬ್ಬರು ರಸಾಯನಶಾಸ್ತ್ರ ಪ್ರಾಧ್ಯಾಪಕರು: ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸೈಮನ್‌ಸನ್ ಮತ್ತು ಲಖನೌದ ಕ್ಯಾನಿಂಗ್ ಕಾಲೇಜಿನ ಮ್ಯಾಕ್‌ಮಹೋನ್. ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಮೊದಲ ಅಧಿವೇಶನ 1914ರ ಜನವರಿ 15ರಿಂದ 17ರವರೆಗೆ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ನಡೆಯಿತು. ಕಲ್ಕತ್ತ ವಿಶ್ವವಿದ್ಯಾನಿಲಯದ ಕುಲಪತಿ ಆಶುತೋಷ್ ಮುಖರ್ಜಿ ಅಧ್ಯಕ್ಷತೆ ವಹಿಸಿದರು. 105 ಪ್ರತಿನಿಧಿಗಳು, 6 ವಿಭಾಗಗಳು, 35 ಪ್ರಬಂಧಗಳು, ಇಷ್ಟೇ ಅದರ ಗಾತ್ರ. 1917ರಲ್ಲಿ ಬೆಂಗಳೂರಿನಲ್ಲಿ ಸೇರಿದಾಗ ಭಾರತೀಯ ವಿಜ್ಞಾನ ಸಂಸ್ಥೆಯ ಅಂದಿನ ನಿರ್ದೇಶಕ ಆಲ್ಫ್ರೆಡ್ ಬೋರ್ನ್ ಅವರೇ ಅಧ್ಯಕ್ಷರಾಗಿದ್ದರು. ಕಾಲಕ್ರಮದಲ್ಲಿ ಅಧಿವೇಶನಕ್ಕೆ ಜನವರಿಯ ಮೊದಲ ವಾರವೇ ಗೊತ್ತಾಯಿತು. ದೂರದ ರೈಲು ಪ್ರಯಾಣಕ್ಕೆ ತಂಪಾದ ಹವೆಯೂ, ವರ್ಷಾಂತ್ಯದ ರಜೆಯಿಂದಾಗಿ ತೆರವಾದ ತರಗತಿಗಳೂ ವಿದ್ಯಾರ್ಥಿ ನಿಲಯಗಳೂ ಆಗ ಒಟ್ಟಿಗೆ ದೊರೆಯುತ್ತಿದ್ದವು.

ಆತಿಥೇಯ ಊರಿನ ಎಲ್ಲ ವ್ಯವಸ್ಥೆಯನ್ನು ನೋಡಿಕೊಳ್ಳಲು ನೇಮಕಗೊಳ್ಳುವವನೇ ಸ್ಥಳೀಯ ಕಾರ್ಯದರ್ಶಿ. ಪ್ರತಿನಿಧಿಗಳಿಗೆ ವಸತಿ ಹಂಚುವುದು, ಊಟೋಪಚಾರ, ಗೋಷ್ಠಿಗಳಿಗೆ ಕೊಠಡಿಗಳನ್ನು ಗೊತ್ತುಮಾಡುವುದು, ಸುತ್ತಲಿನ ಸ್ಥಳಗಳನ್ನು ತೋರಿಸುವುದು ಎಲ್ಲವೂ ಅವನ ಪಾಲಿಗೆ ಬರುತ್ತವೆ. ನಡಾವಳಿಯ ಸಂಪುಟಗಳಲ್ಲಿ ಅಧ್ಯಕ್ಷರ ಭಾಷಣಗಳು ಪುಟಗಟ್ಟಲೆ ಅಚ್ಚಾಗಿವೆ, ಸ್ಥಳೀಯ ಕಾರ್ಯದರ್ಶಿಯ ಹೆಸರು ಪದಾಧಿಕಾರಿಗಳ ಪಟ್ಟಿಯಲ್ಲಿ ಒಂದು ಸಾಲು ಮಾತ್ರ. ಇತಿಹಾಸಕಾರರು ಈ ಅನ್ಯಾಯವನ್ನು ಇನ್ನೂ ಸರಿಪಡಿಸಿಲ್ಲ. ಇಂಥವರ ಹೊರೆ ಎಷ್ಟು ಭಾರವಾಗಬಹುದೆಂಬುದಕ್ಕೆ 1938ರ ಕಲ್ಕತ್ತ ರಜತ ಮಹೋತ್ಸವ ಸಾಕ್ಷಿ. ಬ್ರಿಟಿಷ್ ಅಸೋಸಿಯೇಷನ್ನಿನ ಜೊತೆ ಕೂಡಿ ನಡೆಯಬೇಕಾಗಿದ್ದ ಆ ಅಧಿವೇಶನಕ್ಕೆ ಆಯ್ಕೆಯಾಗಿದ್ದ ಅಧ್ಯಕ್ಷ ರುದರ್‌ಫರ್ಡ್, 1937ರ ಅಕ್ಟೋಬರಿನಲ್ಲಿ, ಸಭೆಗೆ ಮೂರು ತಿಂಗಳೂ ಉಳಿದಿಲ್ಲದಿರುವಾಗ ತೀರಿಕೊಂಡರು. ಜೇಮ್ಸ್ ಜೀನ್ಸ್ ಆ ಸ್ಥಾನವನ್ನು ತುಂಬಿದರು, ಅಧಿವೇಶನ ನಿಲ್ಲಲಿಲ್ಲ.

1916ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾನಿಲಯವಿದ್ದ ಮೈಸೂರಿಗೆ ವಿದ್ವಾಂಸರು ಬರುವುದಕ್ಕೆ ವಸತಿ, ಊಟಗಳಾಚೆಗೆ ಇನ್ನೊಂದು ಆಕರ್ಷಣೆಯಿತ್ತು, ಅದು ಅಲ್ಲಿನ ಗ್ರಂಥಭಂಡಾರ. 1935ರ ಡಿಸೆಂಬರಿನಲ್ಲಿ ಅಖಿಲ ಭಾರತ ಪ್ರಾಚ್ಯವಿದ್ಯಾ ಸಮ್ಮೇಳನದ ಎಂಟನೆಯ ಅಧಿವೇಶನ ಅಲ್ಲಿ ಸೇರಿತು. ಆರ್. ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಬೆಳಕಿಗೆ ತಂದು 1909ರಲ್ಲಿ ಪ್ರಕಟಿಸಿದ್ದು ಅದೇ ಊರಿನ ಓರಿಯಂಟಲ್ ಲೈಬ್ರರಿಯಿಂದ. ಸಂಸ್ಕೃತ ವಿದ್ವಾಂಸರಿಗೆ ಅದಕ್ಕಿಂತ ಯೋಗ್ಯವಾದ ಆತಿಥ್ಯ ಬೇರೊಂದಿರಲಾರದು. ಆತಿಥೇಯ ಸಂಸ್ಥೆಯಲ್ಲಿ ನೋಡತಕ್ಕ ವಿದ್ವತ್ ಸಂಪತ್ತಿರುವುದು ಸಮ್ಮೇಳನಕ್ಕೆ ಭೋಜನಕ್ಕಿಂತಲೂ ಮುಖ್ಯ. ಕುವೆಂಪು ಅವರ ಕನಸಿನಂತೆ 1960ರಲ್ಲಿ ಮಾನಸಗಂಗೋತ್ರಿ ರೂಪುಗೊಂಡ ಬಳಿಕ ಸ್ನಾತಕೋತ್ತರ ವಿಭಾಗಗಳು, ಗ್ರಂಥಾಲಯ, ವಸತಿ ನಿಲಯಗಳು ಒಂದೇ ವಿಶಾಲ ಆವರಣಕ್ಕೆ ಬಂದವು. 2016ರ ಜನವರಿ 3ರಿಂದ 7ರವರೆಗೆ ವಿಜ್ಞಾನ ಕಾಂಗ್ರೆಸ್ಸಿನ 103ನೆಯ ಅಧಿವೇಶನ ಸೇರಿದ್ದು ಆ ಆವರಣದಲ್ಲಿಯೇ.

ಅಷ್ಟರಲ್ಲಿ ಅಧಿವೇಶನದ ಸ್ವರೂಪವೇ ಮಾರ್ಪಟ್ಟಿತ್ತು. 1947ರಲ್ಲಿ ನೆಹರು ಅಧ್ಯಕ್ಷರಾದ ನಂತರ ಪ್ರಧಾನಮಂತ್ರಿಗಳಿಂದ ಉದ್ಘಾಟನೆ ಮಾಡಿಸುವ ವಾಡಿಕೆ ಬೆಳೆಯಿತು, ಪ್ರತಿನಿಧಿಗಳ ಸಂಖ್ಯೆ ಸಾವಿರಗಳಿಗೇರಿತು. ಭದ್ರತೆ, ಪೆಂಡಾಲು, ವಾಹನ ನಿಲುಗಡೆ ಇವೇ ಆತಿಥೇಯರ ಮೊದಲ ಚಿಂತೆಯಾದವು. ಮೊದಲ ದಿನದ ಸಮಾರಂಭಕ್ಕೆ ದೊರೆತ ಗಮನದಲ್ಲಿ ಅರ್ಧವಾದರೂ ವಿಭಾಗೀಯ ಗೋಷ್ಠಿಗಳಿಗೆ ದೊರೆಯಬೇಕಿತ್ತು, ಏಕೆಂದರೆ ಹುಂಬೋಲ್ಟನ ಕಾಲದಿಂದಲೂ ಶಾಸ್ತ್ರ ಬೆಳೆದಿರುವುದು ಆ ಸಣ್ಣ ಕೊಠಡಿಗಳಲ್ಲಿ. 2020ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಜಿಕೆವಿಕೆ ಆವರಣ ಅಧಿವೇಶನಕ್ಕೆ ಆಶ್ರಯ ನೀಡಿತು. ಕೋವಿಡ್ ಕಾರಣದಿಂದ ಮುಂದಿನ ಎರಡು ವರ್ಷ ಅದು ಸೇರಲಿಲ್ಲ, 2023ರಲ್ಲಿ ನಾಗಪುರ ವಿಶ್ವವಿದ್ಯಾನಿಲಯ ಮತ್ತೆ ಬಾಗಿಲು ತೆರೆಯಿತು. 2024ರ ಜನವರಿಯಲ್ಲಿ ಆವರಣ ಒದಗದೆ ಅಧಿವೇಶನ ನಡೆಯಲಿಲ್ಲ.