ದೊಡ್ಡಮ್ಮನ ಲೋಟ ಮತ್ತು ಕ್ಷಯದ ದಾಯಾದಿಗಳು

ಒಂದೂವರೆ ವರ್ಷ ನಮ್ಮ ದೊಡ್ಡಮ್ಮನ ತಟ್ಟೆ-ಲೋಟ ಬೇರೆ ಇತ್ತು. ಕೆಮ್ಮು, ಕಫದಲ್ಲಿ ರಕ್ತ, ಕಫ ಪರೀಕ್ಷೆ ಪಾಸಿಟಿವ್. ಟಿಬಿ ಅಂದರು. ಆರು ತಿಂಗಳು ಮಾತ್ರೆ ನುಂಗಿದರು, ವಾಸಿಯಾಗಲಿಲ್ಲ. ಮತ್ತೆ ಬೇರೆ ಮಾತ್ರೆ. ಕೊನೆಗೆ ಕಫವನ್ನು ಕಲ್ಚರ್‌ಗೆ ಕಳಿಸಿದಾಗ ಗೊತ್ತಾಯಿತು, ಅದು ಟಿಬಿಯೇ ಅಲ್ಲ, ಟಿಬಿಯ ದಾಯಾದಿ! ಆವತ್ತಿನಿಂದ ಈ ದಾಯಾದಿಯ ಜಾತಕ ಕೆದಕುತ್ತಿದ್ದೇನೆ.

1882ರಲ್ಲಿ ರಾಬರ್ಟ್ ಕಾಖ್ ಕ್ಷಯದ ಬ್ಯಾಕ್ಟೀರಿಯಾ ತೋರಿಸಿಕೊಟ್ಟ. ಬೆನ್ನಿಗೇ ಝೀಲ್-ನೀಲ್ಸನ್ ವಿಧಾನ ಬಂತು. ಕಫಕ್ಕೆ ಕೆಂಪು ಬಣ್ಣ ಹಾಕಿ ಆಸಿಡ್‌ನಲ್ಲಿ ತೊಳೆದರೂ ಬಣ್ಣ ಬಿಡದಿದ್ದರೆ ಕ್ಷಯ. ತೊಂದರೆ ಏನಪ್ಪಾ ಅಂದರೆ, ಮಣ್ಣಲ್ಲಿ, ನಲ್ಲಿ ನೀರಲ್ಲಿ ಇರುವ ಇದೇ ಕುಲದ ಉಳಿದವೂ ಬಣ್ಣ ಬಿಡುವುದಿಲ್ಲ. ಸೂಕ್ಷ್ಮದರ್ಶಕಕ್ಕೆ ಎಲ್ಲವೂ ಒಂದೇ. ಕಲ್ಚರ್‌ನಲ್ಲಿ ಬೆಳೆದರೂ ಎಲ್ಲಿಂದಲೋ ಬಂದ ಕಲಬೆರಕೆ ಅಂತ ಎಷ್ಟೋ ಸಲ ಬದಿಗಿಟ್ಟರು.

1953ರಲ್ಲಿ ಅಮೆರಿಕದ ಬುಹ್ಲರ್ ಮತ್ತು ಪೊಲಾಕ್ ಶ್ವಾಸಕೋಶದ ರೋಗಿಗಳಲ್ಲಿ ಸಿಕ್ಕ 'ಹಳದಿ ಬ್ಯಾಸಿಲಸ್' ಬಗ್ಗೆ ಬರೆದರು. ಇವತ್ತು ಅದರ ಹೆಸರು ಮೈಕೋಬ್ಯಾಕ್ಟೀರಿಯಂ ಕ್ಯಾನ್ಸಾಸಿ. 1959ರಲ್ಲಿ ಅರ್ನೆಸ್ಟ್ ರನ್ಯನ್ ಇವನ್ನೆಲ್ಲ ನಾಲ್ಕು ಗುಂಪು ಮಾಡಿದ: ಬೆಳಕು ಬಿದ್ದರೆ ಬಣ್ಣ ತಳೆಯುವವು, ಕತ್ತಲಲ್ಲೂ ಬಣ್ಣ ತಳೆಯುವವು, ಬಣ್ಣವೇ ಇಲ್ಲದವು, ವಾರದೊಳಗೆ ಬೆಳೆಯುವವು.

ಗುರುತು ಸಿಕ್ಕರೂ ಮದ್ದು ಸುಲಭವಿರಲಿಲ್ಲ. ನಾಲ್ಕೈದು ಔಷಧಿ ಒಟ್ಟಿಗೆ ಕೊಡುತ್ತಿದ್ದರು, ಇಲ್ಲವೇ ಶ್ವಾಸಕೋಶದ ಕೆಟ್ಟ ಭಾಗವನ್ನೇ ಕತ್ತರಿಸಿ ತೆಗೆಯುತ್ತಿದ್ದರು. 1990ರ ದಶಕದಲ್ಲಿ ಕ್ಲಾರಿಥ್ರೋಮೈಸಿನ್ ಬಂದ ಮೇಲೆ, ಈ ಪೈಕಿ ಹೆಚ್ಚು ಕಾಣಿಸಿಕೊಳ್ಳುವ ಏವಿಯಂ ಗುಂಪಿನ ಚಿಕಿತ್ಸೆಯೇ ಬದಲಾಯಿತು. ಈಗ ಅದರ ಜಾತಿಯ ಔಷಧಿ, ಜೊತೆಗೆ ಎಥಾಂಬ್ಯುಟಾಲ್, ರಿಫಾಂಪಿಸಿನ್. ಕಲ್ಚರ್ ನೆಗೆಟಿವ್ ಆದ ಮೇಲೂ 12 ತಿಂಗಳು ನುಂಗಬೇಕು.

ಕಫದಲ್ಲಿ ಒಂದು ಸಲ ಸಿಕ್ಕರೆ ಸಾಲದು, ನೀರಿನಿಂದಲೂ ಬಂದಿರಬಹುದಲ್ಲ? ಅದಕ್ಕೇ ಸಾಮಾನ್ಯವಾಗಿ ಎರಡು ಸಲದ ಕಫದ ಕಲ್ಚರ್ ಪಾಸಿಟಿವ್ ಇರಬೇಕು, ರೋಗಲಕ್ಷಣ ಇರಬೇಕು, ಸಿಟಿ ಸ್ಕ್ಯಾನ್ ಹೊಂದಬೇಕು. ಸ್ಲೈಡ್ ಪಾಸಿಟಿವ್, ಟಿಬಿಯ ಜೀನ್ ಪರೀಕ್ಷೆ ನೆಗೆಟಿವ್ ಅಂತ ಬಂದರೆ ಇವುಗಳ ಮೇಲೆ ಅನುಮಾನ ಪಡಲೇಬೇಕು. ನಿಮ್ಮ ಮನೆಯಲ್ಲಿ ಯಾರಿಗಾದರೂ ಟಿಬಿ ಮಾತ್ರೆ ನಾಟದಿದ್ದರೆ, 'ಕಲ್ಚರ್ ಮಾಡಿಸಿದ್ದೀರಾ?' ಅಂತ ಡಾಕ್ಟರನ್ನು ಕೇಳಿ.

ಇನ್ನೊಂದು ಮಾತು. ಇವು ಸಾಮಾನ್ಯವಾಗಿ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಟಿಬಿ ಹರಡುತ್ತದೆ ನಿಜ, ಆದರೆ ಗಾಳಿಯಿಂದ, ಲೋಟದಿಂದಲ್ಲ. ಇದನ್ನು ಹೇಳಿದಾಗ ದೊಡ್ಡಮ್ಮ, "ಹಾಗಾದ್ರೆ ನನ್ನ ಲೋಟ ಯಾಕೆ ಬೇರೆ ಇಟ್ರಿ?" ಅಂದರು.

ಬೇರೆ ಇಟ್ಟವರಲ್ಲಿ ನಾನೂ ಒಬ್ಬ.